ಮುಂದಿನ ಭಾಗ ಎಲ್ಲದ?

ನಮ್ಮ ಸೀಮೆಯಲ್ಲಿ, ಅಂದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಅಂತ ತೊಗರಿ ಹೊಲವೂ ಸಿಮೆಂಟಿನ ಚಿಮಣಿಯೂ ಒಂದೇ ನೋಟಕ್ಕೆ ಸಿಗುವ ಈ ಭಾಗದಲ್ಲಿ, ಪುಸ್ತಕ ಓದುವವನು ಎಂದು ಒಮ್ಮೆ ಹೆಸರು ಬಿತ್ತೋ ಮುಗಿಯಿತು. ಮದುವೆಯ ಪಂಕ್ತಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಅಷ್ಟೇಕೆ, ಕಟಿಂಗ್ ಅಂಗಡಿಯಲ್ಲಿ ಗಲ್ಲಕ್ಕೆ ಸಾಬೂನು ಹಚ್ಚಿಸಿಕೊಂಡು ಕೂತಾಗಲೂ ಯಾರಾದರೂ ಹಿಡಿದೇ ಹಿಡಿಯುತ್ತಾರೆ.

“ಸರ್, ನಮ್ಮ ಹುಡುಗ ನಾಕನೇ ಕ್ಲಾಸ್ ಅದಾನ್ರಿ. ಯಾವಾಗ ನೋಡ್ರಿ ಮೊಬೈಲ್ ಹಿಡಕೊಂಡೇ ಕುಂತಿರ್ತಾನ. ಏನರೆ ಛಲೋ ಬುಕ್ ಹೇಳ್ರಿ.”

ಈ ಛಲೋ ಬುಕ್ ಹೇಗಿರಬೇಕು ಎಂಬುದು ಅವರ ತಲೆಯಲ್ಲಿ ಖಚಿತವಾಗಿರುತ್ತದೆ. ಅದನ್ನು ಓದಿದ ಮರುದಿನವೇ ಹುಡುಗ ಮೊಬೈಲ್ ಬಿಡಬೇಕು, ಮುಂಜಾನೆ ಐದಕ್ಕೆ ಏಳಬೇಕು, ಗಣಿತದಲ್ಲಿ ಪಾಸಾಗಬೇಕು, ಮನೆಗೆ ಬಂದ ಹಿರಿಯರ ಕಾಲಿಗೆ ಬೀಳಬೇಕು. ಬೆಲೆ ಮಾತ್ರ ಐವತ್ತು ರೂಪಾಯಿ ದಾಟಬಾರದು. “ನಿಮ್ಮ ಹುಡುಗಗ ಏನು ಸೇರ್ತದ?” ಅಂತ ಕೇಳಿದರೆ, “ಅವಗೇನು ಸೇರೋದ್ರಿ, ನಾವು ಕೊಟ್ಟಿದ್ದು ಓದಬೇಕು” ಎನ್ನುತ್ತಾರೆ. ಊಟಕ್ಕೆ ಕೂತ ಹುಡುಗನಿಗೆ ಬದನೆಕಾಯಿ ಸೇರುತ್ತದೋ ಇಲ್ಲವೋ ಎಂದು ಹತ್ತು ಸಲ ಕೇಳುವ ತಾಯಂದಿರು ಪುಸ್ತಕದ ವಿಷಯಕ್ಕೆ ಬಂದಾಗ ಯಾಕೆ ಇಷ್ಟು ಕಟುಕರಾಗುತ್ತಾರೋ!

ನನ್ನ ಉತ್ತರ ಈಗ ಬಾಯಿಪಾಠವಾಗಿದೆ. ಒಂದು ಬುಕ್ ಕೇಳಬೇಡಿ, ಒಂದರ ಹಿಂದೆ ಒಂದು ಬರುವಂಥದ್ದು ಕೇಳಿ. ಒಂಟಿ ಪುಸ್ತಕ ಎಷ್ಟೇ ಛಂದ ಇರಲಿ, ಕಡೆಯ ಪುಟ ಮುಗಿದ ಮೇಲೆ ಹುಡುಗ ಏನು ಮಾಡಬೇಕು? ಮೊಬೈಲಿನ ಗುಟ್ಟು ಇರುವುದೇ ಅದು ಮುಗಿಯುವುದಿಲ್ಲ ಎಂಬುದರಲ್ಲಿ. ಒಂದು ವಿಡಿಯೋ ಮುಗಿಯುವುದರೊಳಗೆ ಇನ್ನೊಂದು ತಾನಾಗಿಯೇ ಶುರುವಾಗುತ್ತದೆ. ಅದರ ಎದುರು ಪುಸ್ತಕ ನಿಲ್ಲಬೇಕಾದರೆ ಅದಕ್ಕೂ ಬೆನ್ನಿಗೆ ಬಿದ್ದ ತಮ್ಮಂದಿರು ಇರಬೇಕು. ಎಂಟರಿಂದ ಹನ್ನೊಂದರ ವಯಸ್ಸು ಬಲು ಇಕ್ಕಟ್ಟಿನದು. ಚಿತ್ರದ ಪುಸ್ತಕ ಕೊಟ್ಟರೆ ‘ಇದು ಸಣ್ಣ ಹುಡುಗರದು’ ಎಂದು ಮುಖ ತಿರುವುತ್ತಾರೆ, ದಪ್ಪ ಕಾದಂಬರಿ ಕೊಟ್ಟರೆ ಮೊದಲು ಕಡೆಯ ಪುಟದ ನಂಬರ್ ನೋಡಿ ನಿಟ್ಟುಸಿರು ಬಿಡುತ್ತಾರೆ. ಅವರಿಗೆ ಬೇಕಾದದ್ದು ಸಣ್ಣ ಸಣ್ಣ ಅಧ್ಯಾಯ, ಗುರುತಿನ ಮಂದಿ, ಗೊತ್ತಿರುವ ಊರು, ಗೊತ್ತಿಲ್ಲದ ಘಟನೆ. ಹೊಸ ಪುಸ್ತಕದ ಮೊದಲ ಹತ್ತು ಪುಟದ ಕಷ್ಟ ಇದೆಯಲ್ಲ, ಯಾರು ಯಾರಿಗೆ ಏನಾಗಬೇಕು ಎಂದು ತಿಳಿದುಕೊಳ್ಳುವ ಕಷ್ಟ, ಅದನ್ನು ಸರಣಿಯಲ್ಲಿ ಒಂದೇ ಸಲ ಪಟ್ಟರೆ ಸಾಕು. ಎರಡನೇ ಭಾಗಕ್ಕೆ ಬರುವಾಗ ಹುಡುಗ ನೆಂಟರ ಮನೆಗೆ ಹೋದ ಹಾಗೆ ಸೀದಾ ಒಳಗೆ ಹೋಗುತ್ತಾನೆ.

ಇದೇನೂ ಹೊರಗಿನಿಂದ ಬಂದ ವಿದ್ಯೆಯಲ್ಲ. ಶ್ರಾವಣ ಬಂತೆಂದರೆ ನಮ್ಮ ಊರುಗಳ ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಶರಣಬಸವೇಶ್ವರ ಪುರಾಣವೋ ಹೇಮರೆಡ್ಡಿ ಮಲ್ಲಮ್ಮನ ಪುರಾಣವೋ, ಯಾವುದೋ ಒಂದು. ರಾತ್ರಿ ಉಂಡು ಬಂದು ಜನ ಕೂಡುತ್ತಾರೆ. ಗವಾಯಿಗಳು ಪದ್ಯ ಹಾಡುತ್ತಾರೆ, ಶಾಸ್ತ್ರಿಗಳು ಅದನ್ನು ಬಿಡಿಸಿ ಹೇಳುತ್ತಾರೆ, ತಬಲಾ ಪೇಟಿಯವರು ನಡುವೆ ನಡುವೆ ಎಚ್ಚರಿಸುತ್ತಾರೆ. ಮಲ್ಲಮ್ಮನ ಅತ್ತೆ ಇನ್ನೇನು ಹೊಸದೊಂದು ಕಿತಾಪತಿ ಮಾಡಿಯೇ ಬಿಟ್ಟಳು ಎನ್ನುವಷ್ಟರಲ್ಲಿ ಶಾಸ್ತ್ರಿಗಳು ಪುಸ್ತಕ ಮುಚ್ಚಿ ಮಂಗಳಾರತಿ ಎಂದುಬಿಡುತ್ತಾರೆ. ಹೆಣ್ಣುಮಕ್ಕಳು ಆ ಅತ್ತೆಗೆ ಬೈಯುತ್ತಲೇ ಮನೆ ಸೇರುತ್ತಾರೆ, ಮರುದಿನ ಅಡುಗೆ ಬೇಗ ಮುಗಿಸುತ್ತಾರೆ. ಕಥೆಯಲ್ಲಿ ಕೂಸು ಹುಟ್ಟುವ ದಿನ ಗುಡಿಯಲ್ಲಿ ಖರೇನೇ ತೊಟ್ಟಿಲು ಕಟ್ಟಿ ಜೋಗುಳ ಹಾಡುತ್ತಾರೆ. ಅಂದು ಕೊಬ್ಬರಿ ಸಕ್ಕರೆ ಸಿಗುತ್ತದೆಂದು ಎಂದೂ ಬಾರದ ಹುಡುಗರು ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಅಧ್ಯಾಯ ಎಲ್ಲಿ ಕಡಿಯಬೇಕು ಎಂಬುದನ್ನು ಆ ಶಾಸ್ತ್ರಿಗಳಿಂದ ಮಕ್ಕಳ ಸಾಹಿತಿಗಳು ಕಲಿಯಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ. ನಮ್ಮ ಮಕ್ಕಳ ಕಥೆಗಳು ಬಹುತೇಕ ಮಂಗಳಾರತಿಯಿಂದಲೇ ಶುರುವಾಗುತ್ತವೆ.

1949ರಿಂದ ಕನ್ನಡದಲ್ಲಿ ಬಂದ ಚಂದಮಾಮಕ್ಕೂ ಈ ಗುಟ್ಟು ಗೊತ್ತಿತ್ತು. ರಾಜ ವಿಕ್ರಮ ಹೆಣ ಹೊತ್ತು ನಡೆಯುತ್ತಾನೆ, ಬೇತಾಳ ಕಥೆ ಹೇಳುತ್ತದೆ, ರಾಜ ಬಾಯಿ ಬಿಡುತ್ತಾನೆ, ಬೇತಾಳ ಮತ್ತೆ ಮರ ಹತ್ತುತ್ತದೆ. ತಿಂಗಳು ತಿಂಗಳು ಅದೇ ಆಗುತ್ತದೆಂದು ಗೊತ್ತಿದ್ದೂ ಮನೆಮಂದಿಯೆಲ್ಲ ಕಾಯುತ್ತಿದ್ದರು. ದೊಡ್ಡವರಿಗೆ ಎನ್. ನರಸಿಂಹಯ್ಯ ಇದ್ದರು. ತಾವು ಕಲಿತದ್ದು ನಾಲ್ಕನೇ ತರಗತಿ, ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನಿಂದಾಗಿಯೇ ಕನ್ನಡ ಸರಾಗ ಓದಲು ಕಲಿತೆವು ಎನ್ನುವ ಒಂದು ತಲೆಮಾರೇ ಇದೆ. ಸಾಹಿತ್ಯ ಚರಿತ್ರೆಕಾರರು ಆ ಋಣವನ್ನು ಅಡಿಟಿಪ್ಪಣಿಯಲ್ಲೂ ತೀರಿಸಿದ್ದು ಕಡಿಮೆ.

ಇಷ್ಟೆಲ್ಲ ಹೇಳಿ ಪುಸ್ತಕದಂಗಡಿಗೆ ಕಳಿಸಿದರೆ ಏನಾಗುತ್ತದೆ ಅದನ್ನೂ ಕೇಳಿ. ನಮ್ಮ ತಾಲ್ಲೂಕು ಊರುಗಳಲ್ಲಿ ಬುಕ್ ಸ್ಟಾಲ್ ಎಂದರೆ ನೋಟ್‌ಬುಕ್ಕು, ಪೆನ್ನು, ಪಂಚಾಂಗ, ಅರ್ಜಿ ಫಾರಂ, ಲ್ಯಾಮಿನೇಶನ್.

“ಮಕ್ಕಳ ಬುಕ್ ಅದಾವೇನ್ರಿ?”

“ಎಷ್ಟನೇ ಕ್ಲಾಸಿಂದು?”

“ಕ್ಲಾಸಿಂದಲ್ಲ, ಕಥಿ ಪುಸ್ತಕ.”

“ಕಥಿ ಸೀಸನ್ ಅಲ್ರಿ ಈಗ. ಗೈಡ್ ಬಂದಾವ, ಕೊಡ್ಲೇನು?”

ಹೌದು, ನಮ್ಮ ಕಡೆ ವರ್ಷ ತಪ್ಪದೆ ಮುಂದಿನ ಭಾಗ ಬರುವ ಸರಣಿ ಯಾವುದಾದರೂ ಇದ್ದರೆ ಅದು ಗೈಡು. ನಾಲ್ಕನೇ ಕ್ಲಾಸಿನದು ಮುಗಿದರೆ ಐದನೆಯದು, ಐದು ಮುಗಿದರೆ ಆರು. ಒಳಗೆ ಸಣ್ಣ ಸಣ್ಣ ಅಧ್ಯಾಯ, ಕಡೆಯಲ್ಲಿ ಪ್ರಶ್ನೆ. ಕುತೂಹಲ ಒಂದನ್ನು ಬಿಟ್ಟು ಉಳಿದೆಲ್ಲ ಲಕ್ಷಣವೂ ಅದಕ್ಕಿದೆ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ನಮ್ಮ ಕಲಬುರಗಿ ಜಿಲ್ಲೆ ಶೇ. 42.43 ಫಲಿತಾಂಶ ಪಡೆದು ರಾಜ್ಯಕ್ಕೇ ಕಡೆಗೆ ನಿಂತಾಗ ಎಲ್ಲರೂ ಇನ್ನಷ್ಟು ಗೈಡು, ಇನ್ನಷ್ಟು ಟ್ಯೂಷನ್ ಎಂದರು. ಎರಡು ಸಾಲಿನ ಪ್ರಶ್ನೆಯನ್ನು ಒಂದೇ ಉಸಿರಿನಲ್ಲಿ ಓದಿ ಅರ್ಥ ಮಾಡಿಕೊಳ್ಳಲಾಗದ ಹುಡುಗನಿಗೆ ಉತ್ತರದ ಪುಸ್ತಕ ಕೊಟ್ಟು ಏನು ಪ್ರಯೋಜನ ಎಂದು ಯಾರೂ ಕೇಳಿದಂತೆ ಕಾಣಲಿಲ್ಲ. ಹೋಗಲಿ, ಅದು ಹರಟೆಯ ಮಾತಲ್ಲ.

ಸರಿ, ಯಾವ ಸರಣಿ? ಸಿಮೆಂಟ್ ಕಾಲೊನಿಯ ಇಂಗ್ಲಿಷ್ ಮೀಡಿಯಂ ತಂದೆತಾಯಿಗಳಿಗೆ ತೊಂದರೆಯಿಲ್ಲ. ಜೆರೊನಿಮೊ ಸ್ಟಿಲ್ಟನ್ ಎಂಬ ಇಟಲಿಯ ಇಲಿ ಇದೆ, ವಿಂಪಿ ಕಿಡ್ ಎಂಬ ಅಮೆರಿಕದ ಪೋರ ಇದ್ದಾನೆ, ಕೊರಿಯರ್‌ನವನು ಮನೆ ಬಾಗಿಲಿಗೆ ತಂದು ಕೊಡುತ್ತಾನೆ. ಆ ಇಲಿಯನ್ನು ಕಂಡು ಮೂಗು ಮುರಿಯುವವರ ಪೈಕಿ ನಾನಲ್ಲ. ಇಲಿಯ ಬಾಲ ಹಿಡಿದಾದರೂ ಮಗು ಮುಂದಿನ ಭಾಗಕ್ಕೆ ಹೋಯಿತಲ್ಲ. ಕಷ್ಟ ಇರುವುದು ಕನ್ನಡ ಶಾಲೆಯ ಹುಡುಗರದು. ಅವರ ಮನೆಯಲ್ಲಿ ಲಂಬಾಣಿ, ಬೀದಿಯಲ್ಲಿ ದಖನಿ ಉರ್ದು, ಸಂತೆಯಲ್ಲಿ ತೆಲುಗು, ಇದರ ನಡುವೆ ಶಾಲೆಯ ಕನ್ನಡ.

ಕನ್ನಡದಲ್ಲಿ ದೊಡ್ಡ ಸರಣಿ ಎಂದರೆ ಮೊದಲು ನೆನಪಾಗುವುದು ಭಾರತ-ಭಾರತಿ. ರಾಷ್ಟ್ರೋತ್ಥಾನ ಪರಿಷತ್ತು 1970ರ ದಶಕದಲ್ಲಿ ತರಲು ಶುರುಮಾಡಿದ, ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದ 510 ಕಿರುಹೊತ್ತಗೆಗಳು. ಅಂಗಿಯ ಜೇಬಿಗೆ ಹಿಡಿಸುವ ಗಾತ್ರ. ವಾಡಿಯಲ್ಲಿ ರೈಲು ಹತ್ತಿ ಓದಲು ಹಿಡಿದರೆ ಕಲಬುರಗಿ ಬರುವಷ್ಟರಲ್ಲಿ ಒಬ್ಬ ಮಹಾಪುರುಷನ ಜನನ, ಸಾಧನೆ, ನಿಧನ ಎಲ್ಲ ಮುಗಿದಿರುತ್ತದೆ. ಅಷ್ಟು ವಿಸ್ತಾರದ ಕೆಲಸ ಇನ್ನೊಂದಿಲ್ಲ, ಅದಕ್ಕೆ ನಮಸ್ಕಾರ. ಆದರೆ ಅದರ ಮಹನೀಯರೆಲ್ಲ ಚಿಕ್ಕಂದಿನಿಂದಲೇ ಸುಳ್ಳಾಡದವರು, ಮಾವಿನಕಾಯಿ ಕದಿಯದವರು. ಐದಾರು ಓದಿದ ಮೇಲೆ ತುಂಟ ಹುಡುಗನಿಗೆ ತನ್ನ ಬಗ್ಗೆಯೇ ಸಂಶಯ ಬರುತ್ತದೆ. ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ 12 ಸಂಪುಟ ಇದೆ, ತಿಂಗಳಿಗೊಂದರಂತೆ. ಮಲಗುವ ಹೊತ್ತಿಗೆ ಅಜ್ಜಿಯೋ ಅವ್ವನೋ ಓದಿ ಹೇಳಲು ಅದಕ್ಕಿಂತ ಒಳ್ಳೆಯದು ಬೇಡ. ಕಥೆ ಅಂದಂದಿಗೇ ಮುಗಿಯುತ್ತದಾದ್ದರಿಂದ ನಾಳೆಗೆ ಸಾಲ ಉಳಿಯುವುದಿಲ್ಲ, ಅಷ್ಟೇ ಅದರ ಕೊರತೆ.

ನನ್ನ ಶಿಫಾರಸು ಬೇರೆ. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’. ನಾಲ್ಕು ಭಾಗ: ‘ಬೆಳ್ಳಂದೂರಿನ ನರಭಕ್ಷಕ’, ‘ಪೆದ್ದಚೆರುವಿನ ರಾಕ್ಷಸ’, ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ಬೇಟೆಗಾರ ಕೆನೆತ್ ಆಂಡರ್ಸನ್ ಇಂಗ್ಲಿಷಿನಲ್ಲಿ ಬರೆದ ಅನುಭವಗಳನ್ನು ತೇಜಸ್ವಿ ತಮ್ಮ ಧಾಟಿಯಲ್ಲಿ ಕನ್ನಡಕ್ಕೆ ತಂದರು. ಈ ಆಂಡರ್ಸನ್ 1910ರಲ್ಲಿ ಹುಟ್ಟಿದ್ದು ಹೈದರಾಬಾದಿನ ಬೊಲಾರಂನಲ್ಲಿ. ಅಂದರೆ ನಮ್ಮ ಅಜ್ಜಂದಿರು ಯಾವ ನಿಜಾಮನ ಪ್ರಜೆಗಳಾಗಿದ್ದರೋ ಅದೇ ಸಂಸ್ಥಾನದ ನೆಲದಲ್ಲಿ. ಆ ಲೆಕ್ಕದಲ್ಲಿ ಆತ ನಮ್ಮವನೇ ಎಂದು ವಾದಿಸಲು ನನಗೇನೂ ಸಂಕೋಚವಿಲ್ಲ.

ಇದು ಮಕ್ಕಳಿಗೆಂದೇ ಬರೆದದ್ದಲ್ಲ ಎನ್ನುವವರಿದ್ದಾರೆ. ಅದೇ ಅದರ ಗುಣ. ಮಕ್ಕಳಿಗೆಂದು ಬರೆಯಲು ಕೂತ ಕೂಡಲೇ ನಮ್ಮವರ ದನಿ ತೆಳ್ಳಗಾಗಿಬಿಡುತ್ತದೆ, ‘ಪುಟ್ಟಾ, ಕೇಳು’ ಎಂಬ ರಾಗ ಹತ್ತುತ್ತದೆ. ತೇಜಸ್ವಿ ಹಾಗೆ ಮಾಡುವುದಿಲ್ಲ. ಮಚಾನಿನ ಮೇಲೆ ಬೇಟೆಗಾರ ಕೂತಿದ್ದಾನೆ. ಕತ್ತಲಾಗುತ್ತದೆ. ಏನೂ ಆಗುವುದಿಲ್ಲ. ಎಲೆ ಸರಕ್ ಎನ್ನುತ್ತದೆ, ಮತ್ತೆ ಏನೂ ಆಗುವುದಿಲ್ಲ. ಸೊಳ್ಳೆ ಕಚ್ಚುತ್ತದೆ, ಹೊಡೆಯುವ ಹಾಗಿಲ್ಲ. ಓದುತ್ತಿರುವ ಹುಡುಗನೂ ಕೆನ್ನೆ ಕೆರೆದುಕೊಳ್ಳುವುದಿಲ್ಲ. ಎಷ್ಟೋ ಸಲ ಹುಲಿ ಬರುವುದೇ ಇಲ್ಲ, ಬಂದರೂ ಗುಂಡು ತಪ್ಪುತ್ತದೆ, ನಾಯಕನೆನಿಸಿಕೊಂಡವನು ಜ್ವರ ಹಿಡಿಸಿಕೊಂಡು ವಾಪಸ್ ಹೋಗುತ್ತಾನೆ. ಸೋಲುವ ನಾಯಕನನ್ನು ನಮ್ಮ ಮಕ್ಕಳು ಪಠ್ಯಪುಸ್ತಕದಲ್ಲಿ ಕಂಡಿರುವುದಿಲ್ಲ. ಇನ್ನು ಶಿಕಾರಿಗೆ ಬಂದ ದೊರೆಗಳಿಗೆ ಚಿರತೆ ತೋರಿಸುತ್ತೇನೆಂದು ಟೋಪಿ ಹಾಕಿ ಹಣ ಕೀಳುವ ಮುನಿಶಾಮಿಯಂತೂ ಮಕ್ಕಳಿಗೆ ಸಿಕ್ಕಾಪಟ್ಟೆ ಸೇರುತ್ತಾನೆ. ಅಂಥವನೊಬ್ಬ ಎಲ್ಲ ಊರಿನಲ್ಲೂ ಇರುತ್ತಾನೆ, ನಮ್ಮೂರಲ್ಲಿ ಯಾರು ಎಂದು ಅವರು ಕೂಡಲೇ ಹೆಸರು ಹಿಡಿದು ಹೇಳುತ್ತಾರೆ. ಆ ಹೆಸರು ಇಲ್ಲಿ ಬೇಡ.

ನಮ್ಮ ಪಕ್ಕದ ಮನೆಯ ಹುಡುಗಿ ಐದನೇ ಕ್ಲಾಸು. ಓದುವಾಗ ಸಾಲಿನ ಕೆಳಗೆ ಬೆರಳಿಟ್ಟುಕೊಳ್ಳುತ್ತಾಳೆ, ಒತ್ತಕ್ಷರ ಬಂದಲ್ಲಿ ಬೆರಳು ನಿಲ್ಲುತ್ತದೆ, ತುಟಿ ಎರಡು ಸಲ ಆಡುತ್ತದೆ, ಮತ್ತೆ ಬೆರಳು ನಡೆಯುತ್ತದೆ. ಮೊದಲ ಕಥೆಯನ್ನು ನಾನೇ ಓದಿ ಹೇಳಿದೆ. ಬರೆದದ್ದನ್ನು ಬರೆದಂತೆ ಓದಿದರೆ ಅವಳ ಮುಖದಲ್ಲಿ ಶಾಲೆಯ ಕಳೆ ಬರುತ್ತಿತ್ತು, ಆದ್ದರಿಂದ ‘ಹುಲಿ ಬರ್ಲತ್ತಿತ್ತು, ಇವ ಉಸಿರು ಬಿಗಿಹಿಡದು ಕುಂತಿದ್ದ’ ಎಂದು ನಮ್ಮ ಮಾತಿಗೆ ತಿರುಗಿಸಿಕೊಂಡೇ ಓದಿದೆ. ತೇಜಸ್ವಿಯವರು ಕ್ಷಮಿಸುತ್ತಾರೆ, ಅವರು ಆಂಡರ್ಸನ್‌ಗೆ ಮಾಡಿದ್ದನ್ನೇ ನಾನು ಅವರಿಗೆ ಮಾಡಿದ್ದು. ಎರಡನೇ ಕಥೆ ಅರ್ಧಕ್ಕೆ ಬಂದಾಗ ನನಗೆ ಫೋನ್ ಬಂತು. ಮಾತು ಮುಗಿಸಿ ಬರುವಷ್ಟರಲ್ಲಿ ಪುಸ್ತಕ ಅವಳ ತೊಡೆಯ ಮೇಲಿತ್ತು, ಬೆರಳು ಪುಟದ ಕೆಳಗೆ ಹೋಗಿತ್ತು. “ಕಾಕಾ, ನೀವು ನಿಧಾನ ಓದ್ತೀರಿ” ಎಂದಳು.

ಜಾಲಹಳ್ಳಿಯ ಕಥೆಗೆ ಇಲ್ಲಿ ಬೇರೆಯೇ ರುಚಿ ಇದೆ. ನಮ್ಮ ತಾಂಡಾಗಳಿಂದ, ಹಳ್ಳಿಗಳಿಂದ ದುಡಿಯಲು ಬೆಂಗಳೂರಿಗೆ ಹೋದವರಿಗೆ ಲೆಕ್ಕವಿಲ್ಲ. “ಜಾಲಹಳ್ಳಿದಾಗ ನಮ್ಮ ಮಾಮ ಸೆಂಟ್ರಿಂಗ್ ಕೆಲಸ ಮಾಡ್ತಾನ, ಅಲ್ಲಿ ಮೆಟ್ರೋ ಅದ, ಚಿರತಿ ಎಲ್ಲದ?” ಎಂದು ಒಬ್ಬ ಹುಡುಗ ಸವಾಲು ಹಾಕಿದ. ಮೆಟ್ರೋ ಬರುವ ಮುಂಚೆ ಅಲ್ಲಿ ಏನಿತ್ತು ಎಂದು ಅವನಿಗೆ ಹೇಳುವುದು, ಆಮೇಲೆ ಅವನು ಮಾಮನಿಗೆ ಫೋನ್ ಮಾಡಿ ಎಚ್ಚರಿಕೆ ಕೊಡುವುದು, ಇದೆಲ್ಲ ಆಯಿತು. ಚಿಂಚೋಳಿಯ ಹುಡುಗರಿಗಾದರೆ ಕಾಡನ್ನು ವಿವರಿಸುವ ಕೆಲಸವೇ ಇಲ್ಲ. 2011ರಲ್ಲಿ ವನ್ಯಜೀವಿ ಧಾಮ ಎಂದು ಘೋಷಣೆಯಾದ, ದಕ್ಷಿಣ ಭಾರತದ ಮೊದಲ ಒಣಭೂಮಿ ಧಾಮ ಎಂದು ಹೆಸರಾದ ಕಾಡು ಅವರ ಹಿತ್ತಲಲ್ಲೇ ಇದೆ. ಚಂದ್ರಂಪಳ್ಳಿ ಕೆರೆಯ ಕಡೆ ದನ ಮೇಯಿಸುವ ಹುಡುಗನಿಗೆ ತೋಳ, ಕತ್ತೆಕಿರುಬ ಎಲ್ಲ ಪುಸ್ತಕದ ಪ್ರಾಣಿಗಳಲ್ಲ. ಕುಂಚಾವರಂ ಕಡೆಯವರಿಗೆ ಪೆದ್ದಚೆರುವು ಎಂಬುದು ನೆಂಟರ ಊರಿನಂಥ ಹೆಸರು. ಬರೆದವರು ಮೂಡಿಗೆರೆಯವರಾದರೂ ಓದುವುದಕ್ಕೆ ಜಾಗ ಇದೇ ಎನಿಸುತ್ತದೆ.

ಒಂದು ಎಚ್ಚರಿಕೆ ಹೇಳಬೇಕು. ಇದರಲ್ಲಿ ರಕ್ತ ಇದೆ. ನರಭಕ್ಷಕ ಎಂದ ಮೇಲೆ ಅದು ಸಜ್ಜಿ ರೊಟ್ಟಿ ತಿನ್ನುವುದಿಲ್ಲ. ಹತ್ತು ದಾಟಿದವರಿಗೆ ಸ್ವಂತ ಓದಲು ಕೊಡಿ, ಸಣ್ಣವರಿಗೆ ನೀವೇ ಓದಿ ಹೇಳಿ, ರಾತ್ರಿ ಬಯಲಿಗೆ ಹೋಗಲು ಹೆದರುತ್ತಾನೆ ಎಂಬ ದೂರು ನನ್ನ ತನಕ ತರಬೇಡಿ. ನಾಲ್ಕೂ ಮುಗಿದವರಿಗೆ ಅದೇ ತೇಜಸ್ವಿಯವರ ಮಿಲೇನಿಯಂ ಸರಣಿ ಕಾದಿದೆ, 16 ಪುಸ್ತಕ. ಸಮುದ್ರ, ಯುದ್ಧ, ದ್ವೀಪ, ಸೆರೆಯಿಂದ ಪಾರಾಗಿ ನಡೆದವರ ‘ಮಹಾಪಲಾಯನ’. ಕಾಡು ಸೇರಿದವರಿಗೆ ನಮ್ಮ ಕಡೆಯವರೇ ಆದ ಶಹಾಪುರದ ಚಂದ್ರಕಾಂತ ಕರದಳ್ಳಿಯವರ ‘ಕಾಡು ಕನಸಿನ ಬೀದಿಗೆ’ ಕೂಡ ಇದೆ. 2019ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ ಅದಕ್ಕೆ ಬಂತು. ಅದರ ಎರಡನೇ ಭಾಗ ಇಲ್ಲವಲ್ಲ ಎಂಬುದೊಂದೇ ನನ್ನ ತಕರಾರು.

ಪುಸ್ತಕ ಇದ್ದರೂ ಸಿಗಬೇಕಲ್ಲ. ಶಾಲೆಯ ಕಪಾಟು ಎಂಬುದೊಂದಿದೆ. ಊರ ಹೆಸರು ಬೇಡ, ಒಂದು ಶಾಲೆಯಲ್ಲಿ ಗಾಜಿನ ಬಾಗಿಲಿನ ಹಿಂದೆ ಹೊಸ ಪುಸ್ತಕಗಳು ಮಿರಮಿರ ಮಿಂಚುತ್ತಿದ್ದವು. ಬೀಗ ಹಾಕಿತ್ತು. “ಯಾಕ್ರಿ ಸರ್, ಹುಡುಗರಿಗೆ ಕೊಡೂದಿಲ್ಲೇನು?” ಎಂದರೆ, “ಕೊಟ್ಟರ ಹರೀತಾವ್ರಿ. ನಾಳೆ ಸ್ಟಾಕ್ ರಿಜಿಸ್ಟರ್ ಟ್ಯಾಲಿ ಆಗ್ಬೇಕಲ್ಲ” ಎಂದರು. ಅವರದೂ ತಪ್ಪಲ್ಲ. ಹರಿದ ಪುಸ್ತಕಕ್ಕೆ ಜವಾಬು ಕೇಳುವವರಿದ್ದಾರೆ, ಓದದೆ ಉಳಿದ ಪುಸ್ತಕಕ್ಕೆ ಕೇಳುವವರಿಲ್ಲ.

ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಸಾವಿರ ವರ್ಷದ ಹಿಂದೆ ಹೀಗಿರಲಿಲ್ಲ. ಅಲ್ಲಿ ಘಟಿಕಾಸ್ಥಾನ ಇತ್ತು. 1058ರ ಶಾಸನದಲ್ಲಿ ಲೆಕ್ಕ ಇದೆ: ವೇದ ಓದುವ ವಿದ್ಯಾರ್ಥಿಗಳು 200, ಶಾಸ್ತ್ರ ಓದುವವರು 50, ಪಾಠ ಹೇಳಲು ಆರು ಮಂದಿ, ಗ್ರಂಥಭಂಡಾರ ನೋಡಿಕೊಳ್ಳಲು ಸರಸ್ವತೀ ಭಂಡಾರಿಗರು ಇನ್ನೂ ಆರು ಮಂದಿ. ಪಾಠ ಹೇಳುವವರೆಷ್ಟೋ ಪುಸ್ತಕ ಕೊಡುವವರೂ ಅಷ್ಟೇ! ಆ ಆರು ಹುದ್ದೆಗಳು ಯಾವಾಗ ಖಾಲಿಯಾದವೋ, ಆಮೇಲೆ ಭರ್ತಿಯಾದಂತಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಅದೇ ತಾಲ್ಲೂಕಿನ ಸನ್ನತಿ. ಅಲ್ಲಿನ ಕನಗನಹಳ್ಳಿ ಸ್ತೂಪಕ್ಕೆ ಹೊದಿಸಿದ ಸುಣ್ಣಗಲ್ಲಿನ ಚಪ್ಪಡಿಗಳ ಮೇಲೆ ಜಾತಕ ಕಥೆಗಳನ್ನು ಕೊರೆದಿದ್ದಾರೆ. ಒಂದು ಚಪ್ಪಡಿ ನೋಡಿ ಮುಂದಿನ ಚಪ್ಪಡಿಗೆ ನಡೆಯಬೇಕು. ನಾವು ಇವತ್ತು ಪರ್ಸಿ ಎಂದು ನೆಲಕ್ಕೆ ಹಾಸುವ ಕಲ್ಲಿನ ಬಳಗದ್ದೇ ಕಲ್ಲು, ಅವರು ಅದರ ಮೇಲೆ ಕಥೆ ಓದಿಸಿದರು. ಮಳಖೇಡದ ಕವಿರಾಜಮಾರ್ಗದ ಮಾತು ಎತ್ತದೆ ನಮ್ಮ ಕಡೆಯ ಲೇಖನ ಮುಗಿಯಬಾರದು ಎಂಬ ಪದ್ಧತಿ ಇದೆ. ಎತ್ತಿದ್ದೇನೆ, ಮುಂದೆ ಹೋಗೋಣ.

ಈಗಿನ ಭಂಡಾರಿಗರೆಂದರೆ ಗ್ರಾಮ ಪಂಚಾಯ್ತಿಯ ಗ್ರಂಥಾಲಯದ, ಅಂದರೆ ಅರಿವು ಕೇಂದ್ರದ ಮೇಲ್ವಿಚಾರಕರು. 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಪುಕ್ಕಟೆ. ಇದು ಎಷ್ಟೋ ಪಾಲಕರಿಗೆ ಇನ್ನೂ ಗೊತ್ತಿಲ್ಲ. ಹೋಗಿ ಹೆಸರು ಬರೆಸಿ, ಇಂಥ ಪುಸ್ತಕ ತರಿಸಿ ಎಂದು ಕೇಳಿ. ಗಮನಿಸಿ, ‘ಎಲ್ಲ ಭಾಗ’ ಎಂದು ಒತ್ತಿ ಕೇಳಬೇಕು. ಸರ್ಕಾರಿ ಖರೀದಿಯಲ್ಲಿ ಒಂದನೇ ಭಾಗ ಒಂದು ಊರಿಗೂ ಎರಡನೇ ಭಾಗ ಇನ್ನೊಂದು ಊರಿಗೂ ಹೋದರೆ ಅಚ್ಚರಿಪಡುವ ಕಾರಣವಿಲ್ಲ. 2023ರಲ್ಲಿ ಪಂಚಾಯ್ತಿಗಳ ಖಾತೆ ವಹಿಸಿಕೊಂಡ ಪ್ರಿಯಾಂಕ್ ಖರ್ಗೆಯವರು ಚಿತ್ತಾಪುರದ ಶಾಸಕರೇ, ಆದ್ದರಿಂದ ತಕರಾರು ಒಯ್ಯಲು ಬೆಂಗಳೂರಿನ ಟಿಕೆಟ್ ತೆಗೆಸುವುದೂ ಬೇಕಿಲ್ಲ.

ಇಷ್ಟಾದರೂ ಒಂದು ಹೊಟ್ಟೆಕಿಚ್ಚು ಉಳಿದೇ ಇದೆ. ಮರಾಠಿ ಮಕ್ಕಳಿಗೆ ಭಾ. ರಾ. ಭಾಗವತರು ಫಾಸ್ಟರ್ ಫೇಣೆ ಎಂಬ ಹುಡುಗನನ್ನು ಕೊಟ್ಟರು. ಪುಣೆ ಕಡೆಯ ಪೋರ, ಸೈಕಲ್ ಹತ್ತಿ 20ರಷ್ಟು ಪುಸ್ತಕಗಳಲ್ಲಿ ಕಳ್ಳರ ಬೆನ್ನು ಹತ್ತಿದ. ಬಂಗಾಳಿ ಮಕ್ಕಳಿಗೆ 1965ರಿಂದ ಸತ್ಯಜಿತ್ ರಾಯ್ ಅವರ ಫೆಲೂದಾ. ಇಂಗ್ಲಿಷರಿಗೆ ಎನಿಡ್ ಬ್ಲೈಟನ್‌ರ ಫೇಮಸ್ ಫೈವ್, 21 ಪುಸ್ತಕ. ನಮ್ಮ ಸೀಮೆಯ ಹುಡುಗನೊಬ್ಬ ನಮ್ಮ ಸೀಮೆಯಲ್ಲೇ ಕಳ್ಳ ಹಿಡಿಯುವ ಒಂದು ಸರಣಿ ಬೇಡವೇ? ಜಾಗ ನಾನು ಗೊತ್ತು ಮಾಡಿಟ್ಟಿದ್ದೇನೆ. ವಾಡಿ ಜಂಕ್ಷನ್. 1874ರಲ್ಲಿ ಸಿಕಂದರಾಬಾದಿನ ಹಳಿ ಬಂದು ಕೂಡಿದಂದಿನಿಂದ ಮುಂಬೈ, ಮದ್ರಾಸು, ಹೈದರಾಬಾದ್ ಮೂರೂ ದಿಕ್ಕಿನ ಮಂದಿ ಅಲ್ಲಿ ಹಾದುಹೋಗುತ್ತಾರೆ. ಪತ್ತೇದಾರಿಗೆ ಇದಕ್ಕಿಂತ ಬೇರೆ ಏನು ಬೇಕು? ರೇಲ್ವೆ ಕ್ವಾರ್ಟರ್ಸಿನ ಒಬ್ಬಳು ಹುಡುಗಿ, ಎಲ್ಲ ಗಾಡಿಯ ವೇಳೆ ಅವಳಿಗೆ ಬಾಯಿಪಾಠ. ಶಹಾಬಾದಿನ ಕಲ್ಲು ಖಣಿಯವನ ಮಗ ಒಬ್ಬ, ಕಲ್ಲಿನ ಮೇಲಿನ ಗುರುತು ನೋಡಿ ಯಾವ ಖಣಿಯದು ಎನ್ನುತ್ತಾನೆ. ಚಿಂಚೋಳಿ ತಾಂಡಾದ ಇನ್ನೊಬ್ಬಳು, ಐದು ಭಾಷೆ ಬಲ್ಲವಳು, ಆದ್ದರಿಂದ ಯಾರು ಏನು ಪಿಸುಗುಟ್ಟಿದರೂ ತಪ್ಪಿಸಿಕೊಳ್ಳುವ ಹಾಗಿಲ್ಲ.

ಮೊದಲ ಭಾಗದಲ್ಲಿ ಗೂಡ್ಸ್ ಗಾಡಿಯ ಒಂದು ಡಬ್ಬಿಯೇ ಮಾಯ. ಎರಡನೆಯದರಲ್ಲಿ ಸೇಡಂನ ತೊಗರಿ ಚೀಲದೊಳಗೆ ತೊಗರಿ ಬಿಟ್ಟು ಬೇರೇನೋ. ಮೂರನೆಯದು ನಾಗಾವಿಯ ಅರವತ್ತು ಕಂಬದ ಗುಡಿ, ಎಣಿಸಿದಾಗ ಕಂಬ ಒಂದು ಹೆಚ್ಚು. ನಾಲ್ಕನೆಯದು ನೀರು ತುಂಬಿದ ಹಳೆಯ ಖಣಿ. ಇದನ್ನು ಬರೆಯುವವರು ತುಸು ಎಚ್ಚರ ವಹಿಸಬೇಕು, ಓದಿದ ಹುಡುಗರು ಖಣಿಗೆ ಇಳಿದರೆ ತಾಯಂದಿರು ಲೇಖಕನನ್ನು ಉಳಿಸುವುದಿಲ್ಲ. ಮುಖ್ಯವಾಗಿ ತಿಂಡಿ ಮರೆಯಬಾರದು. ಬ್ಲೈಟನ್‌ರ ಮಕ್ಕಳು ಅಧ್ಯಾಯಕ್ಕೊಮ್ಮೆ ಬುತ್ತಿ ಬಿಚ್ಚುತ್ತಾರೆ, ಎಂದೂ ತಿನ್ನದ ತಿಂಡಿಗಳ ಹೆಸರು ಓದಿ ನಮ್ಮ ಹುಡುಗರು ಬಾಯಿ ನೀರೂರಿಸಿಕೊಳ್ಳುತ್ತಾರೆ. ನಮ್ಮ ಪತ್ತೇದಾರರು ಪ್ಲಾಟ್‌ಫಾರಂನ ಮಿರ್ಚಿ ಬಜಿ, ಸುಸಲಾ ತಿನ್ನಲಿ, ಸಜ್ಜಿ ರೊಟ್ಟಿಯೊಳಗೆ ಶೇಂಗಾ ಹಿಂಡಿ ಸುತ್ತಿಕೊಂಡು ಕಳ್ಳನಿಗಾಗಿ ಕಾಯಲಿ, ಚಳಿಗಾಲದ ಭಾಗ ಬಂದರೆ ಹೊಲದಲ್ಲಿ ಸೀತನಿ ಸುಟ್ಟು ತಿನ್ನಲಿ. ಬರೆಯುವವರು ಬರೆಯಿರಿ, ಪ್ರಕಟಿಸಲು ಕಲಬುರಗಿಯಲ್ಲೇ ಮಂದಿ ಇದ್ದಾರೆ. ನಾನು ಬರೆಯಲಾರೆ, ಡಬ್ಬಿ ಯಾರು ಕದ್ದರು ಎಂಬುದು ನನಗೇ ಹೊಳೆದಿಲ್ಲ.

ಅದು ಬರುವ ತನಕ ಕಾಡಿನ ಕಥೆಗಳೇ ಗತಿ. ತರಿಸುವವರಿಗೆ ಎರಡು ಮಾತು. ನಾಲ್ಕೂ ಭಾಗ ಒಮ್ಮೆಲೇ ತರಿಸಿ, ಕೊಡುವುದು ಮಾತ್ರ ಒಂದೊಂದೇ. ಉಳಿದ ಮೂರನ್ನು ಕೈಗೆ ಎಟುಕದಂತೆ, ಆದರೆ ಕಣ್ಣಿಗೆ ಕಾಣುವಂತೆ ಅಟ್ಟದ ಮೇಲಿಡಿ. ಓದಿ ಮುಗಿಸಿದ ಮೇಲೆ ‘ಇದರಿಂದ ಏನು ಕಲಿತಿ?’ ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಹುಲಿಯಿಂದ ಏನು ಕಲಿಯಬೇಕು ಎಂದು ಆ ಕೂಸಾದರೂ ಏನು ಹೇಳೀತು?

ನನ್ನ ಹತ್ತಿರ ಇರುವುದನ್ನೇ ಕೊಡುತ್ತಿದ್ದೆ. ಆದರೆ ಮೂರನೇ ಭಾಗ ಶಹಾಬಾದಿನ ಒಬ್ಬರು ಮಗಳಿಗೆಂದು ಒಯ್ದಿದ್ದಾರೆ. ಫೋನ್ ಮಾಡಿದರೆ, “ಮಗಳು ಯಾವಾಗೋ ಮುಗಿಸ್ಯಾಳ್ರಿ, ಈಗ ಅವರವ್ವ ಓದ್ಲತ್ತಾಳ” ಎಂದರು. ಅವ್ವನದು ಮುಗಿದ ಮೇಲೆ ಎಂದರೆ, “ಬಾಜೂ ಮನಿಯವರು ನಂಬರ್ ಹಚ್ಯಾರ್ರಿ.” ಇತ್ತ ನಮ್ಮ ಪಕ್ಕದ ಮನೆಯ ಹುಡುಗಿ ಎರಡನೆಯದನ್ನು ಮುಗಿಸಿ ದಿನಾ ಸಂಜೆ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಸದ್ಯ ನಾಲ್ಕನೆಯದು ಓದವ್ವಾ, ಅದರಲ್ಲಿ ಮುನಿಶಾಮಿ ಇದ್ದಾನೆ ಎಂದು ಪುಸಲಾಯಿಸಿ ನೋಡಿದೆ. ಪುಸ್ತಕ ತಿರುಗಿಸಿ ಮುಖಪುಟ ನೋಡಿದಳು, ವಾಪಸ್ ಕೊಟ್ಟಳು. “ಮೂರು ಬರಲಿ ಕಾಕಾ. ನಡುವ ಬಿಟ್ಟು ಓದಂಗಿಲ್ಲ.”